ಬ್ಯಾಟರಿ ಕತ್ತರಿಸಿದ ಕೈ

"ಇದು ಹಗುರ ಆಗಿದೆ," ಎಂದಳು ಆಪರೇಟರ ಮಗಳು.

ಕಪಾಟಿನಿಂದ ತೆಗೆದ ಕಂಪ್ಯೂಟರ್ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಮೇಲಕ್ಕೂ ಕೆಳಕ್ಕೂ ಆಡಿಸಿದಳು. ದಿನವಿಡೀ ಬಟ್ಟೆಯ ಥಾನು ಎತ್ತಿ ಇಳಿಸುವ ಟೈಲರಮ್ಮನ ಕೈ ಅದು. ಅಂದಾಜು ತಪ್ಪುವ ಕೈಯಲ್ಲ.

"ಎಷ್ಟು ಹಗುರ?" ಕೇಳಿದರು ಸರ್ವೇಯರಮ್ಮ.

"ಒಂದು ಕಿಲೋ ಹತ್ತಿರ. ಹತ್ತು ದಿನದ ಹಿಂದೆ ಇಲ್ಲಿ ಇಟ್ಟೋಳು ನಾನೇ."

ಗ್ರಂಥಾಲಯದ ಮಹಡಿಯ ಕೋಣೆ. ಹಳೇ ಕಂಪ್ಯೂಟರ್ ರಿಪೇರಿ ಮಾಡುವ ಹುಚ್ಚಿನವರು ಏಳೆಂಟು ಮಂದಿ ಶನಿವಾರ ಶನಿವಾರ ಇಲ್ಲಿ ಸೇರುತ್ತಾರೆ. ಇವತ್ತು ಮಂಗಳವಾರ, ಇಬ್ಬರೇ. ಉದ್ದನೆಯ ಮೇಜಿನ ಮೇಲೆ ಹಳದಿಗಟ್ಟಿದ ಮಾನಿಟರುಗಳು, ಸೋಪುನೀರಿನ ಬಕೆಟ್ಟಿನಲ್ಲಿ ನೆನೆಹಾಕಿದ ಕೀಬೋರ್ಡಿನ ಗುಂಡಿಗಳು, ಉಬ್ಬಿ ಕೆಟ್ಟುಹೋದ ಕೆಪಾಸಿಟರುಗಳನ್ನು ಕೂಡಿಟ್ಟ ಗಾಜಿನ ಬಾಟಲಿ. ಬಾಟಲಿಯ ಮೇಲೆ ಯಾರೋ 'ಸ್ವರ್ಗಸ್ಥರು' ಎಂದು ಚೀಟಿ ಅಂಟಿಸಿದ್ದರು.

ಮೂವತ್ತೈದು ವರ್ಷದ ಹಿಂದೆ ಜಲಾಶಯದ ಗೇಟನ್ನು ಸೈರನ್ ಊದದೆ ಎತ್ತಿ ಕೆಳಗಿನ ಬೀದಿಯ ಮೂವರ ಸಾವಿಗೆ ಕಾರಣನಾದ ಎಂದು ಅಲ್ಲಿ ಗೇಟ್ ಆಪರೇಟರಾಗಿದ್ದ ಅವಳ ಅಪ್ಪನನ್ನು ಕೆಲಸದಿಂದ ತೆಗೆದಿದ್ದರು. ಗೇಟು ಎತ್ತಿದವರು ಯಾರು ಎಂಬ ಅವತ್ತಿನ ಲೆಕ್ಕ ಉಳಿದಿದ್ದರೆ ಜಲಾಶಯದ ಆಫೀಸಿನ ಗುಜರಿಯಿಂದ ಅವಳು ಬಿಡಿಸಿಕೊಂಡು ಬಂದ ಈ ಪೆಟ್ಟಿಗೆಯ ಹಾರ್ಡ್ ಡಿಸ್ಕಿನಲ್ಲಿ ಮಾತ್ರ. ಗುರುವಾರ ಆಯೋಗದ ಮುಂದೆ ಅಪ್ಪನ ಹೆಸರಿನ ಅರ್ಜಿಯ ವಿಚಾರಣೆ. ಅಪ್ಪ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದರು. ಡಾಕ್ಟರುಗಳು ತಿಂಗಳ ಲೆಕ್ಕ ಬಿಟ್ಟು ವಾರದ ಲೆಕ್ಕದಲ್ಲಿ ಮಾತಾಡತೊಡಗಿದ್ದರು. ಅವರ ಹೆಸರಿಗೆ ಮೆತ್ತಿದ ಮಸಿ ಅವರ ಕಣ್ಣಮುಂದೆಯೇ ಒರೆಸಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

"ಬಿಚ್ಚು," ಎಂದರು ಸರ್ವೇಯರಮ್ಮ.

"ಲಾಯರು ಮುಟ್ಟಬೇಡ ಅಂದಿದಾರೆ. ವಿಚಾರಣೆ ದಿನ ಎಲ್ಲರ ಎದುರಿಗೇ ಬಿಚ್ಚಬೇಕಂತೆ."

"ಒಂದು ಕಿಲೋದಷ್ಟು ಯಾರೋ ಆಗಲೇ ಮುಟ್ಟಿಯಾಗಿದೆ. ನಾನಿದೀನಿ ಸಾಕ್ಷಿಗೆ, ಬಿಚ್ಚು."

ನಾಲ್ಕು ತಿರುಪು. ಮುಚ್ಚಳ ಸರಿಯಿತು.

ಹಾರ್ಡ್ ಡಿಸ್ಕ್ ಇರಬೇಕಾದ ಜಾಗ ಖಾಲಿ. ಅದಕ್ಕೆ ಸಿಕ್ಕಿಸುವ ಪಟ್ಟಿಯಂಥ ವೈರನ್ನು ಮಡಿಸಿ ದಾರದಲ್ಲಿ ಕಟ್ಟಿಟ್ಟಿದ್ದರು.

ಆಪರೇಟರ ಮಗಳು ಕುರ್ಚಿಗೆ ಕುಸಿದಳು. ಅಳಲಿಲ್ಲ. ಮೇಜಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದಳು. "ನಮ್ಮ ಗುಂಪಿನ ಪ್ರೆಸಿಡೆಂಟೇ ಇದು ಮಾಡಿರೋದು. ಇನ್ಯಾರು? ಆಗ ಅಪ್ಪನ ಮೇಲಿದ್ದ ಎಂಜಿನಿಯರ್ ಅವರೇ. ಕಪಾಟಿನ ಕೀನೂ ಅವರ ಹತ್ರ ಇದೆ. ನಾನು ಎಂಥ ಪೆದ್ದಿ! ಕುರಿಯನ್ನ ತೋಳದ ಮನೇಲಿ ಕಟ್ಟಿ ಬಂದಿದೀನಿ."

"ಕೀ ಇನ್ಯಾರ ಹತ್ರ ಇದೆ?"

"ಹಲ್ಲಿನ ಡಾಕ್ಟರ ಹತ್ರ ಒಂದು. ರೇಡಿಯೋ ಮಾಮನ ಹತ್ರ ಒಂದು."

"ಬಯ್ಯೋದು ಆಮೇಲೆ ಇಟ್ಕೋ. ಮೊದಲು ನೋಡೋಣ."

ಸರ್ವೇಯರಮ್ಮ ಕೈಚೀಲದಿಂದ ಟಾರ್ಚು ತೆಗೆದರು. ಸುಟ್ಟ ಅಂಗಡಿ, ಮುಳುಗಿದ ಲಾರಿಗಳನ್ನು ನೋಡಿ ನೋಡಿ ವಿಮಾ ಕಂಪನಿಗೆ ಮೂವತ್ತು ವರ್ಷ ವರದಿ ಬರೆದವರು. ಕಂಪ್ಯೂಟರಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು, ಅದು ಕೆಟ್ಟರೆ ಮೊಮ್ಮಗಳನ್ನು ಕೂಗಬೇಕು ಎನ್ನುವುದಷ್ಟೇ. ಆದರೆ ಏನು ಹೋಗಿದೆ ಎಂದು ಮಾತ್ರ ನೋಡಿದರೆ ಸಾಲದು, ಇಲ್ಲಿ ಏನು ಆಗಿದೆ ಎಂದು ನೋಡಬೇಕು ಎಂಬುದನ್ನು ಅವರು ಬೂದಿಯಲ್ಲಿ ಕೈಯಾಡಿಸಿ ಕಲಿತಿದ್ದರು.

ಒಳಗೆಲ್ಲ ಮೂವತ್ತೈದು ವರ್ಷದ ಧೂಳು, ಕಂಬಳಿ ಹೊದಿಸಿದಂತೆ. ಟಾರ್ಚಿನ ಬೆಳಕು ಅದರ ಮೇಲೆ ನಿಧಾನವಾಗಿ ಹರಿದು ಒಂದು ಮೂಲೆಯಲ್ಲಿ ನಿಂತಿತು.

"ಇಲ್ಲಿ ಮಾತ್ರ ಯಾಕೆ ಇಷ್ಟು ಸ್ವಚ್ಛ?"

ಅಂಗೈ ಅಗಲದ ಜಾಗ. ಅಲ್ಲಿ ಬೋರ್ಡು ಹೊಸದರಂತೆ ಹಸಿರಾಗಿ ಹೊಳೆಯುತ್ತಿತ್ತು. ಮಧ್ಯದಲ್ಲಿ ಎರಡು ತಂತಿಯ ಮೊಳಕೆ. ಆಪರೇಟರ ಮಗಳು ಎದ್ದು ಬಂದು ಮೂಗು ಹತ್ತಿರ ತಂದಳು.

"ವಿನೆಗರ್," ಎಂದಳು.

"ಅಂದ್ರೆ?"

"ಇಲ್ಲೊಂದು ಬ್ಯಾಟರಿ ಇತ್ತು. ಬೆರಳಿನ ಗಾತ್ರದ್ದು. ಮಷೀನ್ ಆಫ್ ಆಗಿದ್ರೂ ಒಳಗಿನ ಗಡಿಯಾರ ನಡೀಲಿ ಅಂತ ಇಟ್ಟಿರ್ತಾರೆ. ವಯಸ್ಸಾದ ಮೇಲೆ ಅದು ಸೋರತ್ತೆ. ಸೋರಿದ್ದು ತಾಮ್ರದ ಗೆರೆಗಳನ್ನೆಲ್ಲ ತಿಂದು ಹಾಕತ್ತೆ. ಹಳೇ ಮಷೀನ್ ಕೈಗೆ ಸಿಕ್ಕಿದ ತಕ್ಷಣ ನಾವು ಮಾಡೋ ಮೊದಲ ಕೆಲಸವೇ ಅದನ್ನ ಕತ್ತರಿಸೋದು. ಆಮೇಲೆ ವಿನೆಗರಲ್ಲಿ ತೊಳೆಯೋದು." ಅವಳ ದನಿ ತಗ್ಗಿತು. "ಒಳಗೆ ಸೋರ್ತಾ ಇರತ್ತೆ ಅಂತ ಗೊತ್ತಿದ್ದೂ ಹತ್ತು ದಿನ ಕೈ ಕಟ್ಕೊಂಡು ಕೂತಿದೀನಿ ನಾನು. ಲಾಯರ ಮಾತು ಕೇಳಿ."

"ಡಿಸ್ಕ್ ಬಿಚ್ಚೋಕೆ ಎಷ್ಟು ಹೊತ್ತು ಬೇಕು?"

"ಐದು ನಿಮಿಷ."

"ಇದನ್ನ ತೊಳೆಯೋಕೆ?"

"ಒಣಗೋದೂ ಸೇರಿ ಮುಕ್ಕಾಲು ಗಂಟೆ."

ಸರ್ವೇಯರಮ್ಮ ಟಾರ್ಚು ಆರಿಸಿದರು. "ಸಾಮಾನು ಹೊತ್ಕೊಂಡು ಓಡೋ ಬದಲು ಕೂತು ಗಾಯ ತೊಳೆದು ಹೋಗಿದಾನೆ. ಇಂಥ ಕಳ್ಳನ್ನ ನಾನು ನೋಡಿಲ್ಲ. ಪ್ರೆಸಿಡೆಂಟರು ಮುಕ್ಕಾಲು ಗಂಟೆ ಕೂತು ತೊಳೀತಾರಾ?"

ಆ ಹೊತ್ತಿನಲ್ಲೂ ಅವಳಿಗೆ ನಗು ಬಂತು. "ಅವರು ಕುಡಿದ ಟೀ ಲೋಟಾನೂ ತೊಳೆಯಲ್ಲ. ಅವರದೆಲ್ಲ ಹಳೇ ಬೋರ್ಡ್ ಎಸೆದು ಬೇರೆ ಹಾಕೋ ರಿಪೇರಿ."

"ಹಲ್ಲಿನ ಡಾಕ್ಟರು?"

"ತೊಳೀತಾರೆ. ಆದ್ರೆ ಅವರು ಕತ್ತರಿಸಲ್ಲ, ಬೇರು ಸಮೇತ ಕೀಳ್ತಾರೆ. ಅಭ್ಯಾಸ ನೋಡಿ. ಇಲ್ಲಿ ಕಾಲು ಉಳಿಸಿ ಕತ್ತರಿಸಿದಾರೆ. ಮುಂದೆ ಹೊಸ ಬ್ಯಾಟರಿ ಹಾಕೋವಾಗ ಬೋರ್ಡ್ ಬಿಸಿ ಮಾಡದೆ ಈ ಕಾಲಿಗೇ ಬೆಸುಗೆ..."

ಅವಳು ಮಾತು ನಿಲ್ಲಿಸಿದಳು. ತೋರುಬೆರಳು ತಾನಾಗಿ ಹೋಗಿ ಒಂದು ತಂತಿಯ ಪಕ್ಕವನ್ನು ಮುಚ್ಚಿತು.

"ಬೆರಳು ತೆಗಿ ಮಗಳೇ."

"ಏನಿಲ್ಲ."

"ಏನೂ ಇಲ್ಲದ ಜಾಗವನ್ನ ಯಾರೂ ಮುಚ್ಚಲ್ಲ. ತೆಗಿ."

ಬೆರಳಿನಡಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ. ಬಣ್ಣಕ್ಕೆ ಹೊಳಪಿತ್ತು.

"ಪ್ಲಸ್ ಯಾವ ಕಡೆ ಅಂತ ಗುರುತು," ಎಂದಳು. "ಗುರುತು ಹಾಕದೆ ಯಾವುದನ್ನೂ ಕತ್ತರಿಸಬಾರದು. ಬೋರ್ಡ್ ಮೇಲೆ ಪ್ಲಸ್ ಅಂತ ಅಚ್ಚಾಗಿದ್ರೂ ನಂಬಬಾರದು, ಅಚ್ಚು ಹಾಕಿದೋನೂ ಮನುಷ್ಯನೇ ಅಂತಾರೆ."

"ಯಾರು ಅಂತಾರೆ?"

"ನನಗೆ ಬೆಸುಗೆ ಹಾಕೋದು ಕಲಿಸಿದೋರು." ಅವಳು ಮುಚ್ಚಳ ಎತ್ತಿಕೊಂಡು ಎದೆಗೊತ್ತಿಕೊಂಡಳು. "ಬೇಡ ಸರ್ವೇಯರಮ್ಮ. ಅವರಲ್ಲ. ಅವರು ಅಪ್ಪನ ಜೀವದ ಗೆಳೆಯ."

* * *

ರೇಡಿಯೋ ಮಾಮನ ಅಂಗಡಿಯೆಂದರೆ ಅವರ ಮನೆಯ ಮುಂದಿನ ಕೋಣೆಯೇ. ಗೋಡೆಯುದ್ದಕ್ಕೂ ಮರದ ಪೆಟ್ಟಿಗೆಯ ಹಳೇ ವಾಲ್ವ್ ರೇಡಿಯೋಗಳು. ಅವುಗಳ ನಡುವೆ ಜಾಗ ಮಾಡಿಕೊಂಡು ಕೂತ ಎರಡು ಹಳೇ ಕಂಪ್ಯೂಟರುಗಳು, ಮನೆಗೆ ಬಂದ ಹೊಸ ನೆಂಟರ ಹಾಗೆ. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಬೆಸುಗೆಯ ಹೊಗೆಯೊಳಗೆ ಓರೆಯಾಗಿ ಬಿದ್ದಿತ್ತು.

ಬಾಗಿಲು ತೆಗೆದವರು ಮಾಮನ ಹೆಂಡತಿ. "ಬನ್ನಿ ಬನ್ನಿ, ಒಳ್ಳೇ ಹೊತ್ತಿಗೆ ಬಂದ್ರಿ. ಎರಡು ದಿನದಿಂದ ಸರಿಯಾಗಿ ಊಟ ಇಲ್ಲ, ಮಾತಿಲ್ಲ. ಕೆಟ್ಟಿರೋದು ಡಬ್ಬವೋ ಇವರೋ, ನೀವೇ ನೋಡಿ ಹೇಳಿ."

"ಅಕ್ಕ, ನಿಮ್ಮ ಹತ್ರ ಕೆಂಪು ನೈಲ್ ಪಾಲಿಶ್ ಇದೆಯಾ?" ಸರ್ವೇಯರಮ್ಮ ನಿಂತಲ್ಲೇ ಕೇಳಿದರು.

"ಇತ್ತು ಕಣ್ರೀ! ನನ್ನ ಉಗುರನ್ನ ಅದು ನೋಡಿ ವರ್ಷ ಆಯ್ತು. ಅಲ್ಲೇ ಇವರ ಮೇಜಿನ ಮೇಲಿರತ್ತೆ ನೋಡಿ. ನನಗಿಂತ ಆ ಡಬ್ಬಗಳಿಗೇ ಶೃಂಗಾರ ಜಾಸ್ತಿ ಈ ಮನೇಲಿ."

ಮೇಜಿನ ಹಿಂದೆ ಕೂತಿದ್ದ ರೇಡಿಯೋ ಮಾಮ ಬೆಸುಗೆಯ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರು. ಸ್ವಿಚ್ಚು ಆರಿಸಿದರು. ಎಪ್ಪತ್ತು ದಾಟಿದ ಮುಖ ಹುಳ್ಳಗಾಗಿತ್ತು.

"ನೀನು ಒಳಗೆ ಹೋಗು," ಎಂದರು ಹೆಂಡತಿಗೆ. ಆಮೇಲೆ ಬಂದವರ ಕಡೆ ತಿರುಗಿ, "ಬ್ಯಾಟರಿ ಕತ್ತರಿಸಿದ್ದು ನಾನೇ. ಡಿಸ್ಕ್ ತೆಗೆದಿದ್ದೂ ನಾನೇ," ಎಂದರು.

ದಾರಿಯುದ್ದಕ್ಕೂ ಸರ್ವೇಯರಮ್ಮ ಜೋಡಿಸಿಕೊಂಡು ಬಂದಿದ್ದ ಪ್ರಶ್ನೆಗಳೆಲ್ಲ ವ್ಯರ್ಥವಾದವು.

"ಯಾಕ್ ಮಾಮ?" ಆಪರೇಟರ ಮಗಳು ನಿಂತೇ ಇದ್ದಳು.

"ಯಾವುದು ಯಾಕೆ? ಬ್ಯಾಟರಿನಾ, ಡಿಸ್ಕಾ?"

"ನನ್ನ ಹತ್ರ ಆಟ ಆಡಬೇಡಿ!"

"ಆಟ ಅಲ್ಲ ಮಗಳೇ. ಎರಡಕ್ಕೂ ಉತ್ತರ ಬೇರೆ." ಅವರು ಕೈಗಳನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರು. "ಡಿಸ್ಕ್ ತಗೊಂಡು ಮುಚ್ಚಳ ಹಾಕಿ ಬರೋದು ಅಂತಲೇ ಹೋಗಿದ್ದು. ನೋಡಿದ್ರೆ ಹಸಿರು ಕಿಲುಬು ಗಡಿಯಾರದ ಚಿಪ್ಪಿನ ಕಾಲಿನವರೆಗೂ ಬಂದಿದೆ. ಇನ್ನು ನಾಲ್ಕು ದಿನ ಬಿಟ್ರೆ ಬೋರ್ಡ್ ಹೋಯ್ತು. ಕಣ್ಣಾರೆ ನೋಡಿಬಿಟ್ಟು ಹೇಗೆ ಎದ್ದು ಬರಲಿ? ಸಿಕ್ಕಿಬೀಳ್ತೀನಿ ಅಂತ ತೊಳೀವಾಗಲೇ ಗೊತ್ತಿತ್ತು."

"ಚುಕ್ಕೆ ಇಡದೇ ಇದ್ರೆ ಸಿಕ್ಕಿಬೀಳ್ತಿರಲಿಲ್ಲ," ಎಂದರು ಸರ್ವೇಯರಮ್ಮ.

"ಚುಕ್ಕೆ ಇಡದೆ ಕತ್ತರಿಸೋದಾ?" ರೇಡಿಯೋ ಮಾಮ ನಿಜವಾಗಿಯೂ ಬೆಚ್ಚಿದಂತೆ ನೋಡಿದರು.

"ಡಿಸ್ಕಿನ ಮಾತು ಹೇಳಿ."

"ಓದಿ ವಾಪಸ್ ಇಡೋಣ ಅಂತಿದ್ದೆ. ಆಣೆ ಮಾಡಿ ಹೇಳ್ತೀನಿ. ಆಯೋಗದವರು ಕರ್ಕೊಂಡು ಬರೋ ಟೆಕ್ನೀಷಿಯನ್ನು ಇಂಥ ಡಿಸ್ಕ್ ಮುಖಾನೂ ನೋಡಿರಲ್ಲ. ಸೀದಾ ಕರೆಂಟ್ ಕೊಟ್ಟು ಸುಟ್ಟುಹಾಕಿದ್ರೆ? ಅದಕ್ಕೆ ಮೊದಲೇ ಒಂದು ನಕಲು ಇರಲಿ ಅಂತ." ಅವರು ಗೋಡೆಯ ಕಡೆ ಕೈ ತೋರಿಸಿದರು. "ತಂದು ನೋಡಿದೆ, ಜಾಮ್ ಆಗಿತ್ತು, ತಿರುಗ್ತಾ ಇರಲಿಲ್ಲ. ಆ ದೊಡ್ಡ ರೇಡಿಯೋ ಅರ್ಧ ಗಂಟೆ ಹಾಡಿಸಿ, ಅದರ ನೆತ್ತಿ ಮೇಲೆ ಬಟ್ಟೇಲಿ ಸುತ್ತಿ ಇಟ್ಟೆ. ಹದವಾಗಿ ಬೆಚ್ಚಗಾದ ಮೇಲೆ ಕೈಯಲ್ಲಿ ಹಿಡಿದು ಒಂದೇ ಒಂದು ಸಲ ಹೀಗೆ ತಿರುವಿದೆ." ಮಣಿಕಟ್ಟು ಗಾಳಿಯಲ್ಲಿ ಚಕ್ಕನೆ ಹೊರಳಿತು. ಒಂದು ಕ್ಷಣ ಮುಖದ ಮೇಲೆ ಹಳೆಯ ಕಳೆ ಮೂಡಿ ಮಾಯವಾಯಿತು. "ತಿರುಗಿತು."

"ಓದಿದ್ರಾ?"

"ಓದಿದೆ."

"ಏನಿತ್ತು?"

ಅವರು ಡ್ರಾಯರ್ ಎಳೆದು ಅಂಗೈ ಗಾತ್ರದ ನೋಟ್‌ಬುಕ್ಕು ತೆಗೆದರು. ಕೊಡಲಿಲ್ಲ.

"ಜುಲೈ ಹದಿನೆಂಟು. ಬೆಳಗಿನ ಜಾವ ಐದೂ ಹತ್ತು. ಗೇಟು ಎತ್ತಿದ್ದು, ನಂಬರ್ ನಾಲ್ಕು. ಸೈರನ್ ಇಲ್ಲ." ಅವರು ಪುಟದಿಂದ ಕಣ್ಣೆತ್ತಿದರು. "ಆ ಮಷೀನಲ್ಲಿ ಒಬ್ಬೊಬ್ಬ ನೌಕರರಿಗೂ ಒಂದು ನಂಬರು. ನಿಮ್ಮಪ್ಪನ ನಂಬರು ನಾಲ್ಕು."

ಯಾವುದೋ ರೇಡಿಯೋದ ಪೆಟ್ಟಿಗೆ ಬಿಸಿಲಿಗೆ ಸಣ್ಣಗೆ ಚಟ್ಟೆಂದಿತು.

ಆಪರೇಟರ ಮಗಳು ಅಲ್ಲಿದ್ದ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಕೂತಳು. "ನನಗೆ ಹೇಳಬಹುದಿತ್ತಲ್ಲ ಮಾಮ."

"ಏನಂತ ಹೇಳಲಿ? ನಿಮ್ಮಪ್ಪ ಮೂರು ಜನರನ್ನ ಮುಳುಗಿಸಿದ್ದು ನಿಜ ಅಂತಲಾ? ಮೂವತ್ತೈದು ವರ್ಷ ಅವನ ಪಕ್ಕ ನಿಂತಿದೀನಿ. ಅವನು ಮಾಡಿಲ್ಲ ಅಂತ ಊರವರ ಹತ್ರ ಜಗಳ ಆಡಿದೀನಿ. ಗುರುವಾರ ಎಲ್ಲರ ಮುಂದೆ ಆ ಸಾಲು ಪರದೆ ಮೇಲೆ ಬಂದು, ನೀನು ಅಲ್ಲಿ ನಿಂತಿರೋದನ್ನ ನಾನು ನೋಡಬೇಕಾ? ಡಿಸ್ಕ್ ಕಳೆದುಹೋಯ್ತು ಅಂದ್ರೆ ಅನುಮಾನ ಆದ್ರೂ ಉಳಿಯತ್ತೆ. ಅನುಮಾನದಲ್ಲಿ ಮನುಷ್ಯ ಬದುಕಬಹುದು."

"ಅಪ್ಪ ಬದುಕಿದ್ದು ಹಾಗೇ ಅಲ್ವಾ," ಎಂದಳು ಅವಳು, ಯಾರಿಗೂ ಅಲ್ಲದ ಹಾಗೆ.

ಸರ್ವೇಯರಮ್ಮ ಕೈ ಚಾಚಿದರು. ರೇಡಿಯೋ ಮಾಮ ನೋಟ್‌ಬುಕ್ಕು ಕೊಟ್ಟರು. ಪ್ರಿಂಟರಿನ ರಿಬ್ಬನ್ ಒಣಗಿತ್ತಂತೆ, ಪರದೆಯ ಮೇಲಿದ್ದದ್ದನ್ನು ಸಾಲು ಸಾಲಾಗಿ ಕೈಯಲ್ಲೇ ಬರೆದುಕೊಂಡಿದ್ದರು. ಅಕ್ಷರ ಮುತ್ತಿನಂತಿತ್ತು.

"ಪುಟದ ತಲೆ ಮೇಲೆ ಇದೇನು? 9034?"

"ಅದಾ? ಡಿಸ್ಕಿನ ಹುಟ್ಟಿದ ದಿನ. ಯಾವ ಭಾಗ ಕೈಗೆ ಬಂದ್ರೂ ಮೊದಲು ಅದನ್ನ ಬರ್ಕೊಳ್ಳೋದು ನನ್ನ ರೂಢಿ. ಚೀಟಿ ಮೇಲೆ ಇರತ್ತೆ. ಮೊದಲ ಎರಡು ಅಂಕಿ ವರ್ಷ, ಆಮೇಲಿನ ಎರಡು ವಾರ. ತೊಂಬತ್ತನೇ ಇಸವಿಯ ಮೂವತ್ತನಾಲ್ಕನೇ ವಾರ ಇದು ಫ್ಯಾಕ್ಟರಿಯಿಂದ..."

ಮಾತು ಅಲ್ಲೇ ನಿಂತಿತು.

ಸರ್ವೇಯರಮ್ಮ ಅವಸರ ಮಾಡಲಿಲ್ಲ. "ಜುಲೈ ಹದಿನೆಂಟು ಎಷ್ಟನೇ ವಾರ?"

ರೇಡಿಯೋ ಮಾಮ ಗೋಡೆಯ ಕ್ಯಾಲೆಂಡರನ್ನು ಕಿತ್ತು ತಂದರು. ಈ ವರ್ಷದ ಕ್ಯಾಲೆಂಡರಾದರೂ ಲೆಕ್ಕಕ್ಕೆ ಸಾಕು. ಜನವರಿಯಿಂದ ಬೆರಳಿಟ್ಟು ಎಣಿಸತೊಡಗಿದರು. ಮಾರ್ಚಿನಲ್ಲಿ ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಎಣಿಸಿದರು.

"ಇಪ್ಪತ್ತೊಂಬತ್ತು," ಎಂದರು. ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು. "ಗೇಟು ಎತ್ತಿದ ದಿನ ಈ ಡಿಸ್ಕ್ ಹುಟ್ಟೇ ಇರಲಿಲ್ಲ."

"ಅಂದ್ರೆ?" ಆಪರೇಟರ ಮಗಳು ಎದ್ದಿದ್ದಳು.

"ಅಂದ್ರೆ ಅವತ್ತು ಮಷೀನ್ ತಾನಾಗಿ ಬರೆದದ್ದಲ್ಲ ಇದು. ಅವತ್ತಿದ್ದ ಡಿಸ್ಕ್ ಯಾರೋ ತೆಗೆಸಿ, ಐದು ವಾರ ಆದ ಮೇಲೆ ಇನ್ನೊಂದು ಹಾಕಿಸಿ, ಅದರಲ್ಲಿ ಇದನ್ನ ಕೂತು ಟೈಪ್ ಮಾಡಿದಾರೆ. ಅಯ್ಯೋ, ಸಾವಿರಾರು ಚಿಪ್ಪಿನ ಹುಟ್ಟಿದ ದಿನ ಓದಿದೀನಿ ನಾನು. ಇದೊಂದನ್ನ ಬರ್ಕೊಂಡೆ, ಓದಲಿಲ್ಲ. ನಾಲ್ಕು ಅನ್ನೋ ನಂಬರು ಕಂಡ ಮೇಲೆ ಬುದ್ಧಿಗೇ ಮಂಕು ಕವಿದುಬಿಡ್ತು."

ಅವಳು ಅಳತೊಡಗಿದಳು, ನಗುತ್ತಲೂ ಇದ್ದಳು. ಮಾಮನ ತೋಳು ಹಿಡಿದು ಅಲುಗಿಸಿದಳು. "ಡಿಸ್ಕ್ ಕೊಡಿ. ಹೊಡೆಯೋದು ಬಯ್ಯೋದು ಎಲ್ಲ ಶುಕ್ರವಾರ. ಈಗ ಕೊಡಿ."

ರೇಡಿಯೋ ಮಾಮ ಮೇಜಿನಡಿಯ ಬಟ್ಟೆಯ ಗಂಟನ್ನು ಎತ್ತಿ ಅವಳ ಕೈಗಿಟ್ಟರು. ಆದರೆ ಮುಖ ಅರಳಲಿಲ್ಲ.

"ಇನ್ನೊಂದು ಕೆಲಸ ಮಾಡಿಬಿಟ್ಟಿದೀನಿ," ಎಂದರು. "ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಈ ಪುಟ ಅವನಿಗೆ ತೋರಿಸಿದೆ. ಮಗಳು ನಾಲ್ಕು ಜನರ ಮುಂದೆ ತಲೆ ತಗ್ಗಿಸೋ ಹಾಗೆ ಮಾಡಬೇಡ, ಅರ್ಜಿ ವಾಪಸ್ ತಗೋ ಅಂದೆ. ಸಹಿ ಹಾಕಿಕೊಟ್ಟ. ಇವತ್ತು ಬೆಳಿಗ್ಗೆ ಆಯೋಗದ ಆಫೀಸಿಗೆ ಕೊಟ್ಟು ಬಂದೆ. ಸೀಲು ಬಿದ್ದಿದೆ."

"ಯಾರ ಅರ್ಜಿ ಅಂತ ಕೊಟ್ರಿ ಮಾಮ? ಓಡಾಡಿದ್ದು ನಾನು!"

"ಹೆಸರು ಅವನದು. ಈಗ ಅದನ್ನ ತಡೆಯಬೇಕಾದ್ರೂ ಅವನೇ ಬರ್ಕೊಡಬೇಕು. ನಾಳೆಯೊಳಗೆ."

"ಬರ್ಕೊಡ್ತಾರೆ. ಸುಳ್ಳು ಪುಟ ಅಂತ ಹೇಳಿದ್ರೆ ಸಾಕು. ಏಳಿ, ಈಗಲೇ ಹೋಗೋಣ." ಅವಳು ಆಗಲೇ ಬಾಗಿಲಲ್ಲಿದ್ದಳು.

ಸರ್ವೇಯರಮ್ಮ ಏಳಲಿಲ್ಲ. ಅವರ ಹುಬ್ಬು ಗಂಟಿಕ್ಕಿತ್ತು.

"ಒಂದು ನಿಮಿಷ. ಇದು ಸುಳ್ಳು ಪುಟ. ಗೇಟು ತಾನು ಎತ್ತಿಲ್ಲ ಅಂತ ನಮ್ಮೆಲ್ಲರಿಗಿಂತ ಮೊದಲು ಗೊತ್ತಿರೋದು ಅವರಿಗೆ. ಇದನ್ನ ನೋಡಿ ಅವರು ಬೈದ್ರಾ? ಯಾವನು ಬರೆದಿದ್ದು ಇದು ಅಂತ ಕಿರುಚಿದ್ರಾ?"

ರೇಡಿಯೋ ಮಾಮ ನೆನಪಿಸಿಕೊಂಡರು. "ಇಲ್ಲ. ಕನ್ನಡಕ ಕೇಳಿದ. ಮೇಲಿಂದ ನಿಧಾನವಾಗಿ ಓದಿದ. ಓದ್ತಾ ಇರೋವಾಗ ಸಿಟ್ಟು ಬಂದ ಹಾಗೇ ಇತ್ತು. ಕೊನೇ ಸಾಲಿಗೆ ಬಂದು ಅದರ ಮೇಲೆ ಬೆರಳಿಟ್ಟ. ಆಮೇಲೆ ಪೆನ್ನು ಕೊಡು ಅಂದ. ಇವಳಮ್ಮ ಮಾತ್ರೆ ತರೋಕೆ ಕೆಳಗೆ ಹೋಗಿದ್ರು. ಅವಳು ಬರೋದರೊಳಗೆ ಮುಗಿಸು ಅಂದ."

ಸರ್ವೇಯರಮ್ಮ ಪುಟದ ಕೆಳಗೆ ನೋಡಿದರು. ಉಳಿದ ಸಾಲುಗಳಿಂದ ಬೇರೆಯಾಗಿ, ಬಲಗಡೆಗೆ ಇಷ್ಟೇ ಇತ್ತು: ನಮೂದು 7.

"ಏನಿದು?"

"ಪುಟದ ನಂಬರು ಅಂದ್ಕೊಂಡೆ."

"ಪುಟದ ನಂಬರಲ್ಲ." ಹೇಳಿದವಳು ಆಪರೇಟರ ಮಗಳು. ಬಾಗಿಲಿಂದ ವಾಪಸ್ ಬಂದು ಸರ್ವೇಯರಮ್ಮನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಳು. "ಕೈಯಲ್ಲಿ ಟೈಪ್ ಮಾಡಿದ ಪುಟಕ್ಕೆ, ಯಾರು ಟೈಪ್ ಮಾಡಿದ್ದು ಅಂತ ಮಷೀನೇ ಕೆಳಗೆ ಹಾಕತ್ತೆ."

"ನಿನಗೆ ಹೇಗೆ ಗೊತ್ತು?"

ಅವಳು ಡಿಸ್ಕಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅದರ ಭಾರ ಅವಳಿಗೆ ಈಗ ತಾನೇ ಗೊತ್ತಾದ ಹಾಗಿತ್ತು.

"ಸ್ಕೂಲಿಗೆ ರಜೆ ಇದ್ದಾಗ ನನ್ನನ್ನೂ ಆ ಆಫೀಸಿಗೆ ಕರ್ಕೊಂಡು ಹೋಗ್ತಿದ್ರು. ಮಷೀನ್ ನಂಬರು ಕೇಳಿದಾಗ ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಏಳು ಒತ್ತಿಸೋರು. ಒತ್ತಿದ ತಕ್ಷಣ ಹಸಿರು ಅಕ್ಷರ ಬರ್ತಿತ್ತು. ಈ ಮಷೀನುಗಳ ಹುಚ್ಚು ಹಿಡಿದದ್ದೇ ಅಲ್ಲಿ ನನಗೆ." ಅವಳು ಉಸಿರೆಳೆದುಕೊಂಡಳು. "ಎರಡೇ ವರ್ಷ ಟೈಪಿಸ್ಟ್ ಆಗಿದ್ರು ಅಲ್ಲಿ. ಅಪ್ಪನ ಕೆಲಸ ಹೋದ ತಿಂಗಳೇ ಬಿಟ್ಟುಬಿಟ್ರು. ಆಮೇಲೆ ಮನೇಲಿ ಯಾರೂ ಆ ಮಾತು ಎತ್ತಿಲ್ಲ."

"ಯಾರ ನಂಬರು ಮಗಳೇ ಅದು?" ಉತ್ತರ ಗೊತ್ತಾಗಿದ್ದರೂ ಸರ್ವೇಯರಮ್ಮ ಕೇಳಿದರು. ಅವಳ ಬಾಯಿಂದಲೇ ಅದು ಬರಬೇಕಿತ್ತು.

"ಅಮ್ಮನ ನಂಬರು," ಎಂದಳು ಅವಳು. "ಈಗ ಅಪ್ಪನ ಮಂಚದ ಪಕ್ಕದಲ್ಲಿ ಕೂತಿದಾರೆ."